ಗುಂಡ್ಲುಪೇಟೆಯಲ್ಲಿ ಹೊಂದದ ಸಹಿ

ತಾಯಿ ಚಿಟ್ಟೆಯನ್ನು ಅರೆದು, ಅದರ ರಸದ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುವುದು ಶಶಿರೇಖಾಳ ಕೆಲಸ. ಚೆಂದದ ಕೆಲಸವೇನಲ್ಲ, ವಾಸನೆಯ ಮಾತಂತೂ ಎತ್ತಲೇಬಾರದು. ಚಾಮರಾಜನಗರದ ರೇಷ್ಮೆ ಮೊಟ್ಟೆ ತಯಾರಕರ ಸಂಘದಲ್ಲಿ ಹನ್ನೊಂದು ವರ್ಷದಿಂದ ಅವಳು ಇದನ್ನೇ ಮಾಡಿಕೊಂಡು ಬಂದಿದ್ದಳು. ಗಾಜಿನಲ್ಲಿ ಹೊಳೆಯುವ ಸಣ್ಣ ಸಣ್ಣ ಕಣಗಳು ಕಂಡರೆ ಆ ತಾಯಿಗೆ ಗಂಟು ರೋಗವಿದೆ ಎಂದು ಅರ್ಥ, ಮೊಟ್ಟೆಯನ್ನೆಲ್ಲ ಸುಟ್ಟುಬಿಡಬೇಕು. ಕಾಣದಿದ್ದರೆ ‘ರೋಗವಿಲ್ಲ’ ಎಂದು ಬರೆದು, ಆ ಮೊಟ್ಟೆಯ ಕಂತಿನ, ಅಂದರೆ ಲಾಟಿನ, ನಂಬರು ಹಾಕಿ, ಸಹಿ ಮಾಡಿ ಮೊಹರು ಒತ್ತಬೇಕು. ಆ ಕಾಗದ ನೋಡದೆ ಸುತ್ತಲ ಎರಡು ತಾಲ್ಲೂಕಿನಲ್ಲಿ ತಿಳಿದವರು ಯಾರೂ ಮೊಟ್ಟೆ ಮನೆಗೆ ಒಯ್ಯುತ್ತಿರಲಿಲ್ಲ.

ಅಂಥದೇ ಒಂದು ಕಾಗದ ಕೊನೆಗೆ ಅವಳ ಕುತ್ತಿಗೆಗೆ ಬಂತು. ತೊಂಬತ್ತೆಂಟರ ಕಾರ್ತೀಕದಲ್ಲಿ ಗುಂಡ್ಲುಪೇಟೆ ಕಡೆಯ ಹದಿನೇಳು ಮನೆಗಳಲ್ಲಿ ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಇನ್ನೇನು ಗೂಡು ಕಟ್ಟಬೇಕು ಎನ್ನುವ ಹೊತ್ತಿಗೆ, ತಟ್ಟೆ ತಟ್ಟೆಯೇ ಸತ್ತುಹೋಯಿತು. ಮೊಟ್ಟೆಯ ಜೊತೆ ಬಂದಿದ್ದ ಕಾಗದದಲ್ಲಿ ಶಶಿರೇಖಾಳ ಸಹಿ ಇತ್ತು, ಮೊಹರೂ ಇತ್ತು. ಅವಳ ರಿಜಿಸ್ಟರಿನಲ್ಲಿ ಮಾತ್ರ ಆ ಲಾಟಿನ ನಂಬರೇ ಇರಲಿಲ್ಲ. ಯಾವನೋ ದಲ್ಲಾಳಿ ಕೆಟ್ಟ ಮೊಟ್ಟೆ ತಂದು, ನನ್ನ ಹೆಸರಿನಲ್ಲಿ ಕಳ್ಳ ಸಹಿ ಹಾಕಿದ್ದಾನೆ ಎಂದು ಅವಳು ಹೇಳಿದಳು. ಸಂಘದವರು ವಿಚಾರಣೆ ಮಾಡಿದರು. ಗುಂಡ್ಲುಪೇಟೆಯ ವಿತರಣಾ ಕೇಂದ್ರದ ಗುಮಾಸ್ತ ಚಿಕ್ಕಮಲ್ಲಪ್ಪನವರನ್ನು ಕರೆಸಿದರು. ಅವರು ಹತ್ತು ವರ್ಷದಿಂದ ವಾರಕ್ಕೆರಡು ಸಲ ಅವಳ ಸಹಿ ನೋಡಿದವರು, ಬಾಯಿತಪ್ಪಿಯೂ ಸುಳ್ಳಾಡದ ಮನುಷ್ಯ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ಇದು ಶಶಿರೇಖಮ್ಮಾರ ಸಹಿನೇ” ಎಂದರು. ರಿಜಿಸ್ಟರು ಒಂದು ಹೇಳಿತು, ಚಿಕ್ಕಮಲ್ಲಪ್ಪ ಒಂದು ಹೇಳಿದರು. ಸಂಘ ಚಿಕ್ಕಮಲ್ಲಪ್ಪನವರ ಮಾತು ಹಿಡಿಯಿತು.

ಅವಳ ಕೆಲಸ ಹೋಗಲಿಲ್ಲ, ಸಹಿ ಹಾಕುವ ಹಕ್ಕು ಹೋಯಿತು. ಅವಳು ನೋಡಿದ್ದಕ್ಕೆ ಬೇರೊಬ್ಬರು ಸಹಿ ಹಾಕತೊಡಗಿದರು. ಇದನ್ನಾದರೂ ಅವಳು ಹೊಟ್ಟೆಗೆ ಹಾಕಿಕೊಂಡಾಳು. ಆದರೆ ಆ ಸಹಿಯನ್ನು ಮತ್ತೆ ಮತ್ತೆ ನೆನೆಸಿಕೊಂಡು ಅವಳಿಗೇ ಅನುಮಾನ ಹತ್ತಿಬಿಟ್ಟಿತು. ಆ ತಿಂಗಳು ಅತ್ತೆಗೆ ಹುಷಾರಿರಲಿಲ್ಲ, ತಲೆ ಎಲ್ಲೋ ಇತ್ತು. ಯಾರೋ ಮುಂದಿಟ್ಟ ಕಾಗದಕ್ಕೆ ನೋಡದೆಯೇ ಗೀಚಿದ್ದೆನೋ ಏನೋ? ಹದಿನೇಳು ಮನೆಯ ಹುಳ ತನ್ನ ಕೈಯಿಂದಲೇ ಸತ್ತವೋ ಅಲ್ಲವೋ ಎನ್ನುವುದು ಅವಳಿಗೆ ಖಚಿತವಿರಲಿಲ್ಲ. ಇಂಥ ಅನುಮಾನ ಇಟ್ಟುಕೊಂಡು ಊಟ ಸೇರುವುದಿಲ್ಲ.

ಎದುರು ಮನೆಯ ಭಾನು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ಚಂದಕವಾಡಿಯ ಕೂಲಿಯವರ ಮನೆಯ ಹುಡುಗಿ, ಮಾತಿನಲ್ಲಿ ಚೂಪು. ಒಂದು ಭಾನುವಾರ ಅವಳು ಮೈಸೂರಿಂದ ನಾಲ್ಕು ಫ್ಲಾಪಿ ತುಂಬಿಸಿಕೊಂಡು ಬಂದಳು. ಎಲ್ಲೆಲ್ಲಿಯವರೋ ಸೇರಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದ ಲೈಬ್ರರಿ ಅದು. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಪ್ರೋಗ್ರಾಂ ಬರೆಯುವವರು ತಮ್ಮದರೊಳಗೆ ಸೇರಿಸಿಕೊಳ್ಳಲಿ ಎಂದು ಸಿದ್ಧ ಮಾಡಿಟ್ಟ ತುಣುಕುಗಳ ಕಟ್ಟು. ಗುಟ್ಟು ಕಾಯುವುದು, ಸಹಿ ಹಾಕುವುದು, ಹಾಕಿದ ಸಹಿ ನಿಜವೋ ಎಂದು ನೋಡುವುದು, ಇದೇ ಅದರ ಕಸುಬು.

“ಶಶಕ್ಕ, ನಿಮ್ಮ ಮೊಹರನ್ನ ಬೀರುವಲ್ಲಿಟ್ಟು ಬೀಗ ಹಾಕಿದ್ರಿ. ಆದ್ರೂ ಆ ದಲ್ಲಾಳಿ ಅದೇ ಥರದ್ದು ಮಾಡ್ಕೊಂಡ. ಯಾಕೆ ಹೇಳಿ? ಅದು ಹೆಂಗಿದೆ ಅಂತ ಪ್ರತಿ ಕಾಗದದಲ್ಲೂ ನೀವೇ ಒತ್ತಿ ತೋರಿಸ್ತಿದ್ರಿ” ಎಂದಳು ಭಾನು. “ಇದ್ರಲ್ಲಿ ಎರಡು ಕೀ ಇರ್ತವೆ. ಒಂದು ನಿಮ್ಮ ಹತ್ರ ಮಾತ್ರ, ಸಹಿ ಹಾಕಕ್ಕೆ. ಇನ್ನೊಂದನ್ನ ಊರಿಗೆಲ್ಲ ಹಂಚ್ಬುಡಿ, ಸಹಿ ನಿಮ್ಮದೇ ಹೌದಾ ಅಂತ ನೋಡ್ಕೊಳ್ಳಕ್ಕೆ. ಊರಿನ ಕೀ ಇಟ್ಕೊಂಡು ಯಾರೂ ನಿಮ್ಮ ಸಹಿ ಹಾಕಕ್ಕಾಗಲ್ಲ. ವರದಿಲಿ ಒಂದು ಚುಕ್ಕೆ ಆಚೀಚೆ ಆದ್ರೂ ಸಹಿ ಹೊಂದಲ್ಲ.”

“ಒಳಗಿರೋದನ್ನೆಲ್ಲ ಹಿಂಗೆ ಬಯಲಲ್ಲಿಟ್ರೆ ಕಳ್ಳರಿಗೂ ಗೊತ್ತಾಗಲ್ವೇನೆ?”

“ಗೊತ್ತಾಗ್ಲಿ. ಬೀಗ ಹೆಂಗೆ ಮಾಡವ್ರೆ ಅಂತ ತಿಳಿದ್ರೆ ಕೀ ಸಿಕ್ಬುಡ್ತದಾ? ಎಲ್ಲಾರೂ ಓದ್ತಾರೆ ಅಂತಲೇ ತಪ್ಪು ಇದ್ರೆ ಬೇಗ ಸಿಗೋದು. ಬರೆದವ್ರೇ ಕೇಳ್ಕೊಂಡವ್ರೆ, ಓದಿ, ತಿದ್ದಿ, ನಮಗೂ ಕಳಿಸಿ ಅಂತ.”

ಶಶಿರೇಖಾಳಿಗೆ ಈ ಮಾತು ಹಿಡಿಸಿತು. ಕಣ್ಣಿಗೆ ಕಾಣದ್ದನ್ನು ನಂಬಬಾರದು ಎನ್ನುವುದೇ ಅವಳ ಹನ್ನೊಂದು ವರ್ಷದ ಅನ್ನ. ಇಬ್ಬರೂ ಸಂಘದ ಅಧ್ಯಕ್ಷ ವೃಷಭೇಂದ್ರಪ್ಪನವರ ಹತ್ತಿರ ಹೋದರು. ಅವರು ಅರಿಶಿನ ಮಂಡಿಯ ಯಜಮಾನರು, ನಿಧಾನದ ಮನುಷ್ಯ. ಎಲ್ಲ ಕೇಳಿ, ಒಂದು ತಿಂಗಳು ನೋಡೋಣ ಎಂದರು. ವರದಿ ಫೋನ್ ತಂತಿಯ ಮೇಲೆ ಗುಂಡ್ಲುಪೇಟೆಗೆ ಹೋಗಲಿ, ಚಿಕ್ಕಮಲ್ಲಪ್ಪ ಅಲ್ಲಿಯ ಕಂಪ್ಯೂಟರಿನಲ್ಲಿ ಸಹಿ ಪರೀಕ್ಷೆ ಮಾಡಲಿ. ಸರಿಯಾಗಿ ನಡೆದರೆ ಶಶಿರೇಖಾಳಿಗೆ ಸಹಿಯ ಹಕ್ಕು ವಾಪಸ್. ನಡೆಯದಿದ್ದರೆ ಅವಳು ಮೈಕ್ರೋಸ್ಕೋಪ್ ಬಿಟ್ಟು ಮೊಟ್ಟೆ ತೊಳೆಯುವ ಕಡೆಗೆ ಹೋಗಬೇಕು, ಆಮೇಲೆ ಈ ಮಾತು ಎತ್ತಬಾರದು.

ಭಾನು ಆ ಲೈಬ್ರರಿಯ ಮೇಲೊಂದು ಪುಟ್ಟ ಪ್ರೋಗ್ರಾಂ ಕಟ್ಟಿದಳು. ಗುಂಡ್ಲುಪೇಟೆಗೆ ಹೋಗಿ ಕೂರಿಸಿ, ಐದು ಸಲ ತಾನೇ ಪರೀಕ್ಷೆ ಮಾಡಿ ತೋರಿಸಿ ಬಂದಳು. ಐದು ಸಲವೂ ‘ಗುಡ್ ಸಿಗ್ನೇಚರ್’ ಎಂದು ಬಂತು. ಮರುದಿನ ಶಶಿರೇಖಾ ಮೊದಲ ವರದಿ ಕಳಿಸಿದಳು. ಅರ್ಧ ಗಂಟೆಗೆ ಚಿಕ್ಕಮಲ್ಲಪ್ಪನವರ ಫೋನು ಬಂತು.

“ಅಮ್ಮಾ, ಇದು ಬ್ಯಾಡ್ ಸಿಗ್ನೇಚರ್ ಅಂತದಲ್ಲ.”

ಎರಡನೆಯ ವರದಿಗೂ ಅದೇ, ಮೂರನೆಯದಕ್ಕೂ ಅದೇ. ಇಂಥ ಸುದ್ದಿಗೆ ತಂತಿ ಬೇಕಿಲ್ಲ. ಮೂರನೆಯ ದಿನಕ್ಕೆ ಸಂಘದ ಕಾಂಪೌಂಡಿನಲ್ಲಿ ಗೂಡು ಬಿಡಿಸುವ ಹೆಂಗಸರೆಲ್ಲ, ಕಂಪ್ಯೂಟ್ರೇ ಶಶಿರೇಖಮ್ಮಾರದು ಕೆಟ್ಟ ಸಹಿ ಅಂತದಂತೆ ಎಂದು ಮಾತಾಡಿಕೊಂಡರು. ಹೆಸರು ತೊಳೆದುಕೊಳ್ಳಲು ತಂದ ಯಂತ್ರವೇ ಹೆಸರಿಗೆ ಮಸಿ ಬಳಿಯಿತು. ಶಶಿರೇಖಾ ಆ ಮಾತು ಕೇಳಿಸಿಕೊಂಡು, ಬಚ್ಚಲಿಗೆ ಹೋಗಿ ಅತ್ತಳು.

ಭಾನು ಮೂರು ದಿನ ಆ ಲೈಬ್ರರಿಯ ಸಾಲು ಸಾಲು ಓದಿದಳು. ದೊಡ್ಡ ದೊಡ್ಡ ಸಂಖ್ಯೆಗಳ ಗುಣಾಕಾರದಲ್ಲಿ ತಪ್ಪಿದೆಯೋ ಎಂದು ಹಾಳೆಗಟ್ಟಲೆ ಲೆಕ್ಕ ಮಾಡಿದಳು. ಏನೂ ಸಿಗಲಿಲ್ಲ. ಫೋನು ಮಾಡಿ, “ಸಾರ್, ವರದಿಲಿ ಏನಾದ್ರೂ ಬದಲಾಯಿಸಿದ್ರಾ?” ಎಂದು ಕೇಳಿದರೆ ಚಿಕ್ಕಮಲ್ಲಪ್ಪನವರು ನೊಂದುಕೊಂಡು, “ಒಂದಕ್ಸರ ಮುಟ್ಟಿಲ್ಲ ಕಣಮ್ಮ, ಬಸವಣ್ಣನಾಣೆ” ಎಂದರು. ಆಣೆ ಹಾಕಿದ ಮೇಲೆ ಕೇಳುವುದೇನಿದೆ? ಸೋಮವಾರ ಸಂಘದ ಸಭೆ ಎಂದು ಚೀಟಿ ಬಂತು.

ಶುಕ್ರವಾರ ಶಶಿರೇಖಾ ನಾಲ್ಕನೆಯ ವರದಿಗೆ ಸಹಿ ಹಾಕಿಟ್ಟು, ಹನ್ನೊಂದಕ್ಕೆ ಸರಿಯಾಗಿ ಕಳಿಸು ಎಂದು ಭಾನುವಿಗೆ ಹೇಳಿ, ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿದಳು. ಹೋಗಿ ಏನು ಮಾಡಬೇಕು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಎದುರಿಗಿಟ್ಟುಕೊಂಡು ನೋಡುವುದು.

ಗುಂಡ್ಲುಪೇಟೆಯ ಕೇಂದ್ರ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಪಕ್ಕದಲ್ಲೇ ಕೇರಳದವರ ಬಾಳೆಕಾಯಿ ಲಾರಿಗಳು ನಿಂತಿದ್ದವು. ಒಳಗೆ ಬೆಂಚಿನ ಮೇಲೆ ಐವತ್ತರ ಹೆಂಗಸೊಬ್ಬಳು ಕೈಚೀಲ ಮಡಿಲಲ್ಲಿಟ್ಟುಕೊಂಡು ಮೊಟ್ಟೆಗೆ ಕಾದಿದ್ದಳು. ಹೆಸರು ಚಿಕ್ಕನಿಂಗಮ್ಮ. ಚಿಕ್ಕಮಲ್ಲಪ್ಪ, “ಬನ್ನಿ ಶಶಿರೇಖಮ್ಮ” ಎಂದದ್ದೇ ತಡ, ಅವಳು ತಿರುಗಿ ನೋಡಿದಳು.

“ನೀವೇಯಾ? ನಿಮ್ ಸಹಿ ನೋಡ್ಕಂಡೇ ಮೊಟ್ಟೆ ತಕ್ಕಂಡೋಗಿದ್ದೆ ಕಣವ್ವ ನಾನು. ಓದಕ್ಕೆ ಬರಾಕಿಲ್ಲ ನಂಗೆ, ಆದ್ರೂ ಆ ಸಹಿ ಬಾಲ ಎಂಗಿರ್ತದೆ ಅಂತ ಗೊತ್ತಿತ್ತು. ಮೂವತ್ತು ತಟ್ಟೆ ಹುಳ ತಿಪ್ಪೆಗೆ ಸುರುದ್ಬುಟ್ಟೆ.”

“ಅದು ನನ್ನ ಸಹಿ ಅಲ್ಲಮ್ಮ.”

“ಅಲ್ಲ ಅಂತೀರಿ. ಇರ್ಬೌದು. ನಂಗೇನ್ ಗೊತ್ತು?”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಶಶಿರೇಖಾ ತಡೆದುಕೊಳ್ಳುತ್ತಿದ್ದಳು. ಬೈಯುವಷ್ಟೂ ನಂಬಿಕೆ ಉಳಿದಿಲ್ಲದ ದನಿ ಅದು, ಎದೆಗೆ ಚುಚ್ಚಿತು.

ಹನ್ನೊಂದಕ್ಕೆ ಮೋಡೆಮ್ಮು ಕಿರುಗುಟ್ಟಿತು, ವರದಿ ಬಂತು. ಚಿಕ್ಕಮಲ್ಲಪ್ಪ ಕಂಪ್ಯೂಟರಿಗೆ ಹೊದಿಸಿದ್ದ ಹೂವಿನ ಬಟ್ಟೆಯನ್ನು ಪೂರ್ತಿ ತೆಗೆದು ಮಡಿಸಿಟ್ಟರು. ಕನ್ನಡಕ ಏರಿಸಿ, ವರದಿಯನ್ನು ತೆರೆದು, ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟತೊಡಗಿದರು. ತಮ್ಮ ಹೆಸರು ಬರೆದು ಪರೀಕ್ಷೆಯ ಪ್ರೋಗ್ರಾಮಿನ ಒಳಗೆ ಹೋಗುತ್ತಿದ್ದಾರೆ ಎಂದುಕೊಂಡಳು ಶಶಿರೇಖಾ. ಅದು ಮುಗಿಯಲು ಸುಮಾರು ನಾಲ್ಕು ನಿಮಿಷ ಹಿಡಿಯಿತು. ಬಗ್ಗಿ ನೋಡಿದರೆ, ವರದಿಯ ನೆತ್ತಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು: ಶ್ರೀ ಗುರು ಬಸವಲಿಂಗಾಯ ನಮಃ. ಅದನ್ನು ಉಳಿಸಿ, ಸಮಾಧಾನದಿಂದ ಉಸಿರು ಬಿಟ್ಟು, ಪರೀಕ್ಷೆಯ ಗುಂಡಿ ಒತ್ತಿದರು. ‘ಬ್ಯಾಡ್ ಸಿಗ್ನೇಚರ್’ ಎಂದು ಬಂತು.

“ನೋಡಿದ್ರಾ? ನಾನೇನ್ಮಾಡ್ಲಿ ಏಳಿ.”

“ಚಿಕ್ಕಮಲ್ಲಪ್ಪನೋರೇ, ಮೇಲೆ ಏನೋ ಬರೆದ್ರಲ್ಲ?”

“ಏನ್ ಬರದೆ?” ಅವರಿಗೆ ನಿಜವಾಗಿಯೂ ಹೊಳೆಯಲಿಲ್ಲ. ಅವಳು ಬೆರಳು ತೋರಿಸಿದ ಮೇಲೆ, “ಓ ಅದಾ. ಅದು ಬರಿಯದಲ್ಲ ಕಣಮ್ಮ. ಹಾಳೆ ತೆಗುದ್ ಮೇಲೆ ಆಕ್ಬೇಕಲ್ಲ, ಅದು.”

ಮೂವತ್ತೊಂದು ವರ್ಷದ ಗುಮಾಸ್ತಿಕೆಯಲ್ಲಿ ಆ ಸಾಲಿಲ್ಲದ ಒಂದು ಹಾಳೆಯೂ ಅವರ ಫೈಲು ಸೇರಿರಲಿಲ್ಲ. ಹೆಂಡತಿ ಹೇಳಿ ಬರೆಸುವ ಕಡಲೆಬೇಳೆ, ಹುಣಸೆಹಣ್ಣಿನ ಚೀಟಿಯ ಮೇಲೂ ಮೊದಲು ಅದನ್ನೇ ಬರೆಯುವವರು. ಊಟಕ್ಕೆ ಮುಂಚೆ ಕೈ ತೊಳೆದದ್ದನ್ನು ಯಾರಾದರೂ ಊಟದ ಲೆಕ್ಕಕ್ಕೆ ಸೇರಿಸುತ್ತಾರೆಯೇ? ಭಾನು ಕೇಳಿದಾಗ ಅವರು ಹೇಳಿದ್ದು ನಿಜವೇ, ಅವರ ಪಾಲಿಗೆ ಆ ಸಾಲು ವರದಿಗೆ ಸೇರಿದ್ದೇ ಅಲ್ಲ. ಭಾನು ಬಂದ ದಿನ ಐದು ಸಲವೂ ಅವಳ ಬೆರಳೇ ಓಡಿತ್ತಲ್ಲ, ಇವರಿಗೆ ಬರೆಯಲು ಅವಕಾಶವೇ ಆಗಿರಲಿಲ್ಲ.

ಶಶಿರೇಖಾಳಿಗೆ ಸಿಟ್ಟು ನೆತ್ತಿಗೇರಿತು. ಹಿಂದೆಯೇ ನಗುವೂ ಬಂತು. ಎರಡನ್ನೂ ನುಂಗಿಕೊಂಡು, “ಆ ಸಾಲು ಅಳಿಸಿ ಇನ್ನೊಂದ್ಸಲ ನೋಡಣ” ಎಂದಳು.

“ಅಳಿಸದಾ?” ಚಿಕ್ಕಮಲ್ಲಪ್ಪ ಕುರ್ಚಿಯಲ್ಲೇ ಹಿಂದೆ ಸರಿದರು. “ನನ್ನ ಕೈಲಂತೂ ಆಗಾಕಿಲ್ಲ. ನೀವೂ ಅಳಿಸ್ಬ್ಯಾಡಿ.”

ವಾದ ಮಾಡಿ ಫಲವಿಲ್ಲವೆಂದು ಅವಳು ಭಾನುವಿಗೆ ಫೋನು ಮಾಡಿ ವರದಿಯನ್ನು ಹೊಸದಾಗಿ ತರಿಸಿದಳು. “ಈ ಸಲ ಏನೂ ಬರೀದೆ ಹಂಗೇ ಒತ್ತಿ.”

ಅವರ ಬೆರಳು ಗುಂಡಿಯ ಮೇಲೆಯೇ ನಿಂತಿತು. ಬೋಳು ಹಾಳೆಯ ಮುಂದೆ ಅವರಿಗೆ ಕೈಕಾಲು ಆಡಲಿಲ್ಲ. “ಬಾಯಲ್ಲಿ ಏಳ್ಕಂಡ್ರೆ ಅದುಕ್ಕೇನೂ ತೊಂದ್ರೆ ಇಲ್ವಾ?”

“ಎಷ್ಟು ಬೇಕಾದ್ರೂ ಹೇಳ್ಕೊಳ್ಳಿ. ಆಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಪೆನ್ನಲ್ಲಿ ಬರ್ಕೊಳ್ಳಿ.”

ಅವರು ಕಣ್ಣು ಮುಚ್ಚಿ ಹೇಳಿಕೊಂಡು ಒತ್ತಿದರು. ‘ಗುಡ್ ಸಿಗ್ನೇಚರ್’.

ಶಶಿರೇಖಾ ಹೋಗಿ ಬೆಂಚಿನ ಮೇಲೆ ಕೂತಳು. ಚಿಕ್ಕಮಲ್ಲಪ್ಪ ಮಾತ್ರ ಕಂಪ್ಯೂಟರು ಬಿಡಲಿಲ್ಲ. ಲಾಟಿನ ನಂಬರಿನಲ್ಲಿ ನಲವತ್ತಾರನ್ನು ನಲವತ್ತೇಳು ಮಾಡಿ ಒತ್ತಿದರು, ಕೆಟ್ಟ ಸಹಿ ಎಂದು ಬಂತು. ಸರಿಮಾಡಿ ಒತ್ತಿದರು, ಒಳ್ಳೆಯ ಸಹಿ ಎಂದು ಬಂತು. ಕೊನೆಯ ಸಾಲಿನ ಒಂದು ಚುಕ್ಕೆ ತೆಗೆದರು, ಕೆಟ್ಟದ್ದು, ಹಾಕಿದರು, ಒಳ್ಳೆಯದು. ಹೀಗೆ ಏಳೆಂಟು ಸಲ ಮಾಡುತ್ತ ಮಾಡುತ್ತ ಅವರ ಮುಖ ಇಳಿಯುತ್ತ ಹೋಯಿತು.

“ಒಳ್ಳೇದುಕ್ಕೆ ಅಂತ ಆಕಿದ್ದ ಸಾಲ್ನೂ ಬುಡ್ಲಿಲ್ಲ ಇದು” ಎಂದರು ಕೊನೆಗೆ. ಹೂವಿನ ಬಟ್ಟೆಯನ್ನು ಮತ್ತೆ ಹೊದಿಸುತ್ತ, “ಅವತ್ತು ನಾನು ಆ ಕಾಗ್ದ ಬೆಳಕಿಗಿಡುದು ಒಂದ್ಸಲ ನೋಡ್ದೆ, ಅಷ್ಟೇಯ” ಎಂದರು.

ಶಶಿರೇಖಾ ಬಸ್ಸಿಗೆಂದು ಎದ್ದಳು. ಕೊಡಬೇಕೆನಿಸಿದ ಉತ್ತರ ತುಂಬ ಉದ್ದವಿತ್ತು. ಅವರು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ಬಸ್ಸು ಹೊರಡುವ ತನಕ ಕೆಳಗೆ ನಿಂತಿದ್ದರು.

ಸೋಮವಾರದ ಸಭೆಯಲ್ಲಿ ಏನು ಹೇಳಬೇಕೆಂದು ಅವಳು ಎರಡು ದಿನ ಯೋಚಿಸಿದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಯಂತ್ರ ಉಳಿಯುತ್ತದೆ, ಮೂವತ್ತೊಂದು ವರ್ಷದ ಗುಮಾಸ್ತ ಎಲ್ಲರ ಬಾಯಲ್ಲಿ ನಗೆಪಾಟಲಾಗುತ್ತಾರೆ. ನನ್ನನ್ನು ಅವರು ಅಷ್ಟು ಜನರೆದುರು ತಲೆ ತಗ್ಗಿಸಿ ಕೂರುವಂತೆ ಮಾಡಲಿಲ್ಲವೇ ಎಂದು ಒಂದು ಮನಸ್ಸು ಹೇಳಿತು. ಅವರು ಬೇಕೆಂದು ಮಾಡಿದ್ದಲ್ಲವಲ್ಲ ಎಂದು ಇನ್ನೊಂದು. ತೀರ್ಮಾನವಾಗದೆಯೇ ಹೋಗಿ ಕೂತಳು. ಹೋಗಿ ನೋಡಿದರೆ ಮೊದಲ ಬಸ್ಸಿಗೇ ಬಂದು ಚಿಕ್ಕಮಲ್ಲಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು.

ವೃಷಭೇಂದ್ರಪ್ಪ ಮಾತು ತೆಗೆದರು. “ಮಿಷನ್ನು ಮೂರು ಸಲ ಕೆಟ್ಟ ಸಹಿ ಅಂದಿದೆಯಂತೆ. ಇದನ್ನ ಇಲ್ಲಿಗೇ ನಿಲ್ಲಿಸದು ಒಳ್ಳೇದು ಅಂತ ನನಗನ್ನಿಸ್ತದೆ.”

“ನಿಲ್ಲಿಸ್ಬ್ಯಾಡಿ ಸ್ವಾಮಿ” ಎಂದು ಚಿಕ್ಕಮಲ್ಲಪ್ಪ ಎದ್ದು ನಿಂತರು. “ತಪ್ಪು ನಂದು. ಅಮ್ಮಾರ ವರದಿ ಮೇಲೆ ನಾನು ದೇವ್ರ ಎಸ್ರು ಬರದು, ಆಮೇಲೆ ಪರೀಕ್ಸೆ ಮಾಡ್ತಿದ್ದೆ. ಅವ್ರು ಬರೀದೆ ಇದ್ದುದ್ದ ನಾನು ಸೇರಿಸ್ದೆ. ಅದುಕ್ಕೆ ಅದು ಒಪ್ಲಿಲ್ಲ.”

ಸದಸ್ಯರು ನಕ್ಕರು. ಒಬ್ಬರು, ದೇವರ ಹೆಸರನ್ನೂ ಒಪ್ಪದ ಮಿಷನ್ನೇ ಎಂದು ತಮಾಷೆ ಮಾಡಿದರು. ಚಿಕ್ಕಮಲ್ಲಪ್ಪ ನಗು ನಿಲ್ಲುವ ತನಕ ಕಾದರು.

“ಇನ್ನೊಂದು ವಿಸ್ಯ ಅದೆ. ಓದ್ ಕಾರ್ತೀಕದಲ್ಲಿ ಆ ಕಾಗ್ದ ನೋಡಿ, ಇದು ಶಶಿರೇಖಮ್ಮಾರ ಸಹಿನೇ ಅಂದಿದ್ದೆ. ಆ ಮಾತ್ನ ನಾನು ವಾಪಸ್ ತಕ್ಕತೀನಿ.”

ವೃಷಭೇಂದ್ರಪ್ಪನವರ ಮುಖ ಗಂಟಾಯಿತು. “ಅಂದ್ರೆ ಅವತ್ತು ಸುಳ್ಳು ಹೇಳಿದ್ರಾ?”

“ಸುಳ್ಳಲ್ಲ. ಗೊತ್ತಿಲ್ಲದ್ದ ಗೊತ್ತು ಅಂದೆ. ಅದು ಸುಳ್ಗಿಂತ ಕೆಟ್ಟದ್ದು ಸ್ವಾಮಿ. ಸುಳ್ಳಾಗಿದ್ರೆ ನಂಗಾದ್ರೂ ಗೊತ್ತಿರ್ತಿತ್ತು.” ಅವರು ಶಶಿರೇಖಾಳ ಕಡೆ ತಿರುಗಲಿಲ್ಲ, ತಿರುಗುವ ಧೈರ್ಯ ಇರಲಿಲ್ಲವೆಂದು ಕಾಣುತ್ತದೆ. “ಸಹಿ ಬಾಲ ನೋಡ್ದೆ, ಅವ್ರದ್ದೇ ಥರ ಇತ್ತು. ಥರ ಇರದು ಬ್ಯಾರೆ, ಅದೇ ಆಗಿರದು ಬ್ಯಾರೆ. ಅಮ್ಮಾರ ರಿಜಿಸ್ಟರ್ನಲ್ಲಿ ಆ ನಂಬ್ರು ಇರ್ಲಿಲ್ಲ. ಅದುನ್ನೇ ನಂಬ್ಬೇಕಾಗಿತ್ತು ನಾವು.”

ರಿಜಿಸ್ಟರು ತರಿಸಿದರು. ಆ ತಿಂಗಳ ಪುಟಗಳನ್ನು ವೃಷಭೇಂದ್ರಪ್ಪ ಈ ಸಲ ಒಂದೊಂದಾಗಿ ತಿರುವಿದರು. ಒಂಬತ್ತು ತಿಂಗಳ ಹಿಂದೆ ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಅತ್ತೆಗೆ ಹುಷಾರಿಲ್ಲದ ಆ ದಿನಗಳಲ್ಲಿ ಅವಳು ನೋಡಿದ ಒಂದೊಂದು ಚಿಟ್ಟೆಯ ಲೆಕ್ಕವೂ ಅಲ್ಲಿತ್ತು. ಸಹಿ ಹಾಕಿದ ಒಂದೊಂದು ಕಾಗದದ ನಂಬರೂ ನಡುವೆ ಒಂದೂ ತಪ್ಪದೆ ಸಾಲಾಗಿ ಇತ್ತು, ಎಲ್ಲೂ ಒಂದು ಹೊಡೆದುಹಾಕಿದ ಗೆರೆಯಿಲ್ಲ. ಅವಳು ಕೂತಲ್ಲಿಂದಲೇ ತನ್ನ ಅಕ್ಷರವನ್ನು ನೋಡಿದಳು. ತಲೆ ಎಲ್ಲೋ ಇದ್ದಿರಬಹುದು, ಕೈ ಇಲ್ಲೇ ಇತ್ತು. ತಾನು ಆ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಅವಳಿಗೆ ಈಗ ಖಚಿತವಾಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಎಷ್ಟು ಭಾರವಿತ್ತು ಎನ್ನುವುದು ಆಗ ಗೊತ್ತಾಯಿತು. ಸಹಿಯ ಹಕ್ಕು ಅಂದೇ ವಾಪಸ್ ಬಂತು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಐವತ್ತೊಂದನೆಯ ಲಾಟಿನ ಗಾಜಿನಲ್ಲಿ ಎರಡು ಹೊಳೆಯುವ ಕಣ ಕಂಡವು. ಎರಡೇ. ಬೇರೆ ಗಾಜು ಹಾಕಿ ನೋಡಿದಳು, ಅದರಲ್ಲೂ ಇದ್ದವು. ಅದೇ ಲಾಟಿನ ಒಂದು ಪಾಲು ಮೊಟ್ಟೆ ಆಗಲೇ ಗುಂಡ್ಲುಪೇಟೆ ಸೇರಿ ವರದಿಗೆ ಕಾದಿತ್ತು. ‘ರೋಗವಿದೆ, ಕೊಡಬೇಡಿ’ ಎಂದು ಬರೆದು ಸಹಿ ಹಾಕಿ ಕಳಿಸಿದಳು. ಮಧ್ಯಾಹ್ನ ಫೋನು ಬಂತು.

“ಸಹಿ ಗುಡ್ ಅಂತ ಬಂತು ಕಣಮ್ಮ. ಮೊಟ್ಟೆ ಎತ್ತಿಟ್ಟಿವ್ನಿ, ಸುಡುಸ್ತೀನಿ” ಎಂದರು ಚಿಕ್ಕಮಲ್ಲಪ್ಪ. “ಚಿಕ್ಕನಿಂಗಮ್ಮ ಬಂದು ಕೂತಿದ್ಲು. ತಟ್ಟೆ ತೊಳುದು ಮಡಗವ್ಳಂತೆ, ಸೊಪ್ಪು ಬಲ್ತು ನಿಂತದಂತೆ.”

ಒಂದು ವಾರ ತಡವಾದರೆ ಬಲಿತ ಹಿಪ್ಪುನೇರಳೆ ಸೊಪ್ಪು ಎಳೆ ಹುಳಕ್ಕೆ ಬರುವುದಿಲ್ಲ, ಆ ಬೆಳೆ ಕೈಬಿಟ್ಟಂತೆಯೇ. ಶಶಿರೇಖಾಳಿಗೆ ಅದು ಗೊತ್ತಿತ್ತು. “ಏನಂದ್ರು?”

“ಯಾರು ಅಂದವ್ರೆ ರೋಗ ಅದೆ ಅಂತ, ಅಂತ ಕೇಳುದ್ಲು. ಶಶಿರೇಖಮ್ಮ ಅಂದೆ. ಸರಿ ಅಂಗಾರೆ ಅಂದ್ಬುಟ್ಟು ಚೀಲ ಮಡಿಸ್ಕಂಡು ಬಸ್ಸಿಗೋದ್ಲು.”

“ಅಷ್ಟೇನಾ?”

“ಇನ್ನೇನಂದಾಳು ಕಣಮ್ಮ? ಅಷ್ಟೇಯ.”

ಶಶಿರೇಖಾ ಫೋನಿಟ್ಟು ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಕಣ್ಣು ತುಂಬಿ ಬಂದು ಏನೂ ಕಾಣಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು, ಸ್ವಲ್ಪ ತಡೆದು, ಐವತ್ತೆರಡನೆಯ ಲಾಟಿನ ಮೊದಲ ಚಿಟ್ಟೆ ತೆಗೆದುಕೊಂಡಳು.